ಹಿಂಬಾಗಿಲ ಕೊತ್ತಂಬರಿ

ಬೇರು ಚಿವುಟಿ ಒಂದು ಕಡೆ, ಹಳದಿ ತಿರುಗಿದ ಎಲೆ ಇನ್ನೊಂದು ಕಡೆ, ಎಳೆಯದು ಮಾತ್ರ ನೀರಿನ ಬೋಗುಣಿಗೆ. ಸೊಸೆ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದಳು. ಮಣ್ಣು ನಿಧಾನವಾಗಿ ತಳಕ್ಕಿಳಿಯುತ್ತಿತ್ತು. ನಡುಮನೆಯಲ್ಲಿ ಅತ್ತೆಯ ಹೆಣವಿತ್ತು. ಬಂದವರು ಕುರ್ಚಿ ಎಳೆದು ಕೂರುವ ಸದ್ದು ಅಡುಗೆಮನೆಗೂ ಕೇಳುತ್ತಿತ್ತು.

ಹೆಣ ಎತ್ತಿದ ಮೇಲೆ ಹಚ್ಚಬೇಕಾದ ಒಲೆಯ ಮುಂದೆ ಹೋಟೆಲಿನ ಅಡುಗೆಯವನು ನಿಂತಿದ್ದ. ಬಂದವರಿಗೆ ಊಟ ತಾನೇ ಮಾಡುತ್ತೇನೆಂದು ಬೆಳಿಗ್ಗೆಯೇ ಬಂದಿದ್ದ. ಅತ್ತೆ ಜೀವನವಿಡೀ ಸೊಪ್ಪು ಬೆಳೆದು ಕೊಟ್ಟದ್ದು ಅವನಂಥವರಿಗೇ. ಊರಿನವರ ಬಾಯಲ್ಲಿ ಅವಳು ಸೊಪ್ಪಮ್ಮ.

“ಸಾಕು ಬಿಡೇ. ಸಾವಿನ ಮನೆ ಅಡುಗೆಗೆ ಇಷ್ಟೊಂದು ಸೊಪ್ಪು ಯಾರು ಹಾಕ್ತಾರೆ?” ಎಂದಳು ಸೊಪ್ಪಮ್ಮನ ತಂಗಿ, ಒಳಗೆ ಬಂದವಳೇ.

“ಸೊಪ್ಪಮ್ಮನ ಮನೆ ಕಣಮ್ಮ ಇದು. ಸೊಪ್ಪಿಲ್ದೆ ಪಾತ್ರೆ ಇಳಿಸಿದ್ರೆ ಎದ್ದು ಬಂದು ಬೈತಾಳೆ,” ಎಂದ ಅಡುಗೆಯವನು.

“ಅಯ್ಯೋ, ಬಿಡ್ತು ಅನ್ನು!”

“ಬೈಸ್ಕೊಂಡೇ ಬೆಳೆದೋನು ನಾನು. ಕಟ್ಟಿಗೆ ಇನ್ನೆರಡು ಎಳೆ ಸೇರ್ಸಮ್ಮ ಅಂದ್ರೆ, ‘ನಿನ್ನ ತಲೆ ಮೇಲೇ ಎರಡು ಎಳೆ ಇಲ್ಲ, ನನ್ನ ಕೇಳ್ತೀಯಲ್ಲೋ’ ಅನ್ನೋಳು.”

ತಂಗಿ ನಕ್ಕಳು. ನಗು ಅರ್ಧದಲ್ಲೇ ಅಳುವಾಯಿತು. ಸೆರಗಿನಿಂದ ಮೂಗೊರೆಸಿಕೊಂಡಳು. ಅಷ್ಟರಲ್ಲಿ ಸೊಸೆಯ ಗಂಡ ಬಾಗಿಲಲ್ಲಿ ಕಾಣಿಸಿಕೊಂಡ.

“ಅಕ್ಕ ಬಸ್ಸಿಳಿದಳಂತೆ. ಅವಳು ಬರೋವರೆಗೂ ಎತ್ತೋದು ಬೇಡ ಅಂದಿದ್ದೀನಿ.”

“ಬದುಕಿದ್ದಾಗ ಬರದೋಳು ಈಗ ಬರ್ತಾಳಾ?”

“ಬಂದಿದ್ದಳಲ್ಲ ಚಿಕ್ಕಮ್ಮ. ಒಳಗೆ ಬಿಟ್ಕೊಂಡೋರು ಯಾರು?”

ಸೊಸೆಯ ಕೈ ನೀರಿನೊಳಗೇ ನಿಂತಿತು. ಗಂಡನ ಅಕ್ಕನನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಆದರೆ ಅವಳು ಆಡಬೇಕಿದ್ದ ಒಂದು ಮಾತನ್ನು ತಾನು ಆಡಿಬಿಟ್ಟಿದ್ದಳು. ಅದು ಈ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

*

ಆ ಹಳೆಯ ಸಂಗತಿಯನ್ನು ಗಂಡ ಒಂದೇ ಸಲ ಹೇಳಿದ್ದ. ಆಗ ಅವನಿನ್ನೂ ಚಿಕ್ಕವನು. ಮನೆ ಬಿಟ್ಟು ಹೋಗಿದ್ದ ಅಕ್ಕ ಮದುವೆಯಿಲ್ಲದೆ ಬಸುರಾಗಿ, ಒಂದು ಮಳೆಯ ಸಂಜೆ ಹಿತ್ತಿಲಿಂದ ಬಂದು ಬಾಗಿಲು ಬಡಿದಳು. ಅಮ್ಮ ಎದ್ದು ಹೋಗಿ ಚಿಲಕ ಹಾಕಿದಳು. ಅಕ್ಕ ಕರೆದಳು, ಅತ್ತಳು, ಕೊನೆಗೆ ಕಾಲು ಸೋತು ಸೊಪ್ಪಿನ ಮಡಿಯ ಮೇಲೇ ಒರಗಿದಳು. ಬೆಳಗಾದಾಗ ಇರಲಿಲ್ಲ. ಹೊಟ್ಟೆಯಲ್ಲಿದ್ದದ್ದು ಉಳಿಯಲಿಲ್ಲವೆಂದು ಎಷ್ಟೋ ದಿನದ ಮೇಲೆ ಯಾರೋ ಬಂದು ಹೇಳಿದರು.

“ಆವತ್ತು ಬಾಗಿಲು ಮುಚ್ಚಿತ್ತು, ಕಿಟಕಿ ಮುಚ್ಚಿತ್ತು. ಆದ್ರೂ ಜಜ್ಜಿದ ಸೊಪ್ಪಿನ ವಾಸನೆ ಮನೆ ತುಂಬ,” ಎಂದಿದ್ದ ಗಂಡ. “ಅಮ್ಮ ಊಟಕ್ಕೆ ಕೂತಳು. ಉಣ್ಣಲಿಲ್ಲ.”

ಆಮೇಲೆ ಸೊಪ್ಪಮ್ಮ ಆ ಮಡಿಯನ್ನು ಖಾಲಿ ಬಿಟ್ಟದ್ದೇ ಇಲ್ಲ. ಬೀಜವನ್ನು ಕಲ್ಲಿನ ಮೇಲೆ ಹರಡಿ, ಚಪ್ಪಲಿಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತುತ್ತಿದ್ದಳು. ಹೂ ಬಂದರೆ ಎಲೆ ಒರಟಾಗುತ್ತದೆ, ಆದ್ದರಿಂದ ಎಳೆಯದಿದ್ದಾಗಲೇ ಕೊಯ್ದು ಮತ್ತೆ ಬಿತ್ತುವುದು. ಬೇರೆ ಮಡಿಗಳ ಸೊಪ್ಪು ಹೋಟೆಲಿಗೆ ಹೋಗುತ್ತಿತ್ತು. ಹಿಂಬಾಗಿಲ ಮಡಿಯದ್ದು ಮನೆಯ ಅಡುಗೆಗೆ. ಯಾರಾದರೂ ತಪ್ಪಿ ಅದರ ಮೇಲೆ ಕಾಲಿಟ್ಟರೆ ಸೊಪ್ಪಮ್ಮ ಮೂಗು ಮುಚ್ಚಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು.

ಕೊನೆಗಾಲದಲ್ಲಿ ಅವಳಿಗೆ ಮರೆವು ಬಂತು. ಮಗನನ್ನು ಯಾರಪ್ಪ ನೀನು ಎನ್ನುತ್ತಿದ್ದಳು. ಸೊಸೆಯನ್ನಂತೂ ಮೊದಲಿಂದಲೂ ‘ಏಯ್, ಇಲ್ಲಿ ಬಾ’ ಎಂದೇ ಕರೆದು ಅಭ್ಯಾಸ, ಅದರಲ್ಲೇನೂ ಬದಲಾಗಲಿಲ್ಲ. ಹೀಗಿರುವಾಗ ಒಂದು ದಿನ ಸೊಸೆ ಸೊಪ್ಪು ಬಿಡಿಸುತ್ತಿದ್ದ ಕೈಯಲ್ಲೇ ಮಾತ್ರೆ ಕೊಡಲು ಹೋದಳು. ಮುದುಕಿ ಅವಳ ಬೆರಳು ಹಿಡಿದು ಮೂಸಿದಳು. ಮುಖವೇ ಬೇರೆಯಾಯಿತು.

“ಬಂದ್ಯಾ, ನನ್ನ ಬಂಗಾರ? ಹೊರಗೇ ನಿಂತಿದ್ಯಾ ಇಷ್ಟೊತ್ತು?”

ಅಷ್ಟು ಮೆತ್ತಗೆ ಸೊಸೆಯನ್ನು ಯಾರೂ ಮಾತಾಡಿಸಿರಲಿಲ್ಲ. ಅಲ್ಲ, ನಾನು ನಿಮ್ಮ ಸೊಸೆ ಎನ್ನಬೇಕಿತ್ತು.

“ಬಂದೆ, ಅಮ್ಮ,” ಎಂದಳು.

ಮುದುಕಿ ಅವಳ ಕೂದಲು ಸವರಿದಳು. ಒದ್ದೆಯಾಗಿದೆ, ಒರೆಸಿಕೋ ಎಂದಳು. ಕೂದಲು ಒಣಗಿಯೇ ಇತ್ತು. ಸೊಸೆ ಸುಮ್ಮನೆ ಸೆರಗಿನಿಂದ ಒರೆಸಿಕೊಂಡಳು.

ಮಾರನೆಯ ದಿನ ಆ ಕೋಣೆಗೆ ಹೋಗುವ ಮೊದಲು ಅವಳು ತಾನಾಗಿಯೇ ಒಂದೆಲೆ ಚಿವುಟಿ ಅಂಗೈಯಲ್ಲಿ ತಿಕ್ಕಿಕೊಂಡಳು. ಆಮೇಲೆ ದಿನಾ. ಒಳಗೆ ಕಾಲಿಡುವಾಗ ತನ್ನ ಹೆಜ್ಜೆಯ ಹಿಂದೆ ಇನ್ನೊಂದು ಹೆಜ್ಜೆ ಬಂದ ಹಾಗಾಗುತ್ತಿತ್ತು. ತಿರುಗಿ ನೋಡುತ್ತಿರಲಿಲ್ಲ. ಕೆಲವು ಸಲ ‘ಬಂದೆ, ಅಮ್ಮ’ ಎಂಬ ಮಾತು ಅವಳು ಬಾಯಿ ತೆರೆಯುವ ಮೊದಲೇ ಕೋಣೆಯಲ್ಲಿ ಕೇಳಿಬಿಟ್ಟಂತೆ ಅನಿಸುತ್ತಿತ್ತು.

ನಿನ್ನೆ ಮುದುಕಿ ಅವಳ ಎರಡೂ ಕೈ ಹಿಡಿದುಕೊಂಡಳು.

“ಆವತ್ತು ಬಾಗಿಲು ತೆಗೀಲಿಲ್ಲ ನಾನು. ಎಚ್ಚರವಾಗೇ ಇದ್ದೆ, ಕೇಳಿಸ್ತಿತ್ತು. ತೆಗೀಲಿಲ್ಲ. ಆ ಕೋಪ ಹೋಯ್ತಾ ನಿಂಗೆ?”

ಸೊಸೆ ಮುಖ ತಿರುಗಿಸಲು ನೋಡಿದಳು. ಆದರೆ ಆ ಕಣ್ಣು ಅವಳನ್ನು ಬಿಡಲಿಲ್ಲ.

“ಹೋಯ್ತಮ್ಮ,” ಎಂದಳು.

ಸೊಪ್ಪಮ್ಮ ಕೈ ಬಿಟ್ಟು ಗೋಡೆಯ ಕಡೆ ಹೊರಳಿದಳು. ಮತ್ತೆ ಏಳಲಿಲ್ಲ.

*

ಮಗಳು ಮುಂಬಾಗಿಲಿಂದ ಬರಲಿಲ್ಲ. ಸೊಸೆ ಕಣ್ಣೆತ್ತಿದಾಗ ಹಿತ್ತಿಲಲ್ಲಿ, ಮಡಿಯ ಅಂಚಿನಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಕೂದಲು ಪೂರ್ತಿ ನರೆತಿತ್ತು. ಕೈಯಲ್ಲಿ ಬಟ್ಟೆಯ ಚೀಲ. ಸೊಪ್ಪನ್ನು ತುಳಿಯದೆ ಸುತ್ತಿ ಬಂದು, ತೆರೆದೇ ಇದ್ದ ಬಾಗಿಲನ್ನು ಅಂಗೈಯಿಂದ ಮುಟ್ಟಿದಳು. ಮರದಲ್ಲಿದ್ದ ಮೊಳೆಯ ತೂತುಗಳ ಮೇಲೆ ಬೆರಳಾಡಿಸಿದಳು.

“ಇಲ್ಲೊಂದು ಚಿಲಕ ಇತ್ತಲ್ಲ?”

“ನಾನು ಮದ್ವೆಯಾಗಿ ಬಂದಾಗಿಂದ ಇಲ್ಲ, ಅತ್ತಿಗೆ,” ಎಂದಳು ಸೊಸೆ. “ಅತ್ತೆ ಹಾಕ್ಸೋಕೆ ಬಿಡ್ತಿರಲಿಲ್ಲ.”

ಅತ್ತಿಗೆ ತುಂಬ ಹೊತ್ತು ಆ ತೂತುಗಳನ್ನೇ ನೋಡಿದಳು. ಅಡುಗೆಯವನು ಕೈಲಿದ್ದ ಪಾತ್ರೆ ಕೆಳಗಿಟ್ಟು ಮೆಲ್ಲಗೆ ಹೊರಗೆ ಹೋದ. ಚಿಕ್ಕಮ್ಮನೂ ಅವನ ಹಿಂದೆಯೇ ಹೋದಳು.

“ಕೊನೇಲಿ ಅವಳ ಹತ್ರ ಇದ್ದಿದ್ದು ನೀನಾ?”

“ಹೂಂ.”

“ನನ್ನ ವಿಷಯ ಏನಾದ್ರೂ ಅಂದಳಾ?”

ಇಲ್ಲ ಎಂದರೆ ಮುಗಿಯುತ್ತಿತ್ತು. ಸೊಸೆ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡಳು. ಈ ಹೆಂಗಸಾಗಿ ತಾನು ಕೂದಲು ಒರೆಸಿಕೊಂಡಿದ್ದೆ, ಇವಳ ಪಾಲಿನ ಮಾತು ಕೇಳಿಸಿಕೊಂಡಿದ್ದೆ ಎನಿಸಿ ಹೆದರಿಕೆಯಾಯಿತು. ಸುಳ್ಳು ಬಾಯಿಗೆ ಬರಲಿಲ್ಲ.

“ನನ್ನನ್ನೇ ನೀವು ಅಂದ್ಕೊಂಡಿದ್ರು. ಸೊಪ್ಪಿನ ವಾಸನೆಗೆ. ನಾನೂ... ಅಲ್ಲ ಅನ್ನಲಿಲ್ಲ.”

“ಹೂಂ.”

“ಬಾಗಿಲು ತೆಗೀಲಿಲ್ಲ ನಾನು, ಆ ಕೋಪ ಹೋಯ್ತಾ ಅಂತ ಕೇಳಿದ್ರು.”

“ಕೇಳಿದಳಾ?” ಅತ್ತಿಗೆಯ ದನಿ ಇಳಿಯಿತು. “ಬಾಯಿಬಿಟ್ಟು ಕೇಳಿದಳಾ?”

“ಕೇಳಿದ್ರು.”

“ನಾನು ಏನಂದೆ?”

‘ನೀನು’ ಎನ್ನದೆ ‘ನಾನು’ ಎಂದದ್ದಕ್ಕೆ ಸೊಸೆ ಒಂದು ಹೆಜ್ಜೆ ಹಿಂದೆ ಸರಿದಳು. “ಹೋಯ್ತಮ್ಮ ಅಂದೆ. ತಪ್ಪಾಯ್ತು ಅತ್ತಿಗೆ. ನೆಮ್ಮದಿಯಾಗಿ ಹೋಗ್ಲಿ ಅಂತ...”

“ನೆಮ್ಮದಿಯಾಗಿ ಹೋದಳಾ?”

“ಹೋದ್ರು.”

ಅತ್ತಿಗೆ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. “ಇಷ್ಟು ವರ್ಷ ಆ ಒಂದು ಮಾತಿಗೆ ಕಾದಿದ್ದೆ,” ಎಂದಳು. “ಕೇಳಿದ್ರೆ ಏನು ಹೇಳ್ಬೇಕು ಅಂತ ನಂಗೇ ಇನ್ನೂ ಗೊತ್ತಿರಲಿಲ್ಲ. ನೀನು ಹೇಳಿಬಿಟ್ಟೆ.”

ಚೀಲವನ್ನು ಅಡುಗೆಮನೆಯಲ್ಲೇ ಬಿಟ್ಟು ನಡುಮನೆಗೆ ಹೋದಳು. ಜನ ದಾರಿ ಬಿಟ್ಟರು. ಹೊರಗೆ ಹೆಣದ ಗಾಡಿ ಶುರುವಾಗಿ ಕಿಟಕಿಯ ಗಾಜು ಅದುರುತ್ತಿತ್ತು. ಅವಳು ಬಂದಾಯ್ತೆಂದು ಚಿಕ್ಕಮ್ಮ ಹೇಳಿದ್ದೇ ತಮ್ಮನೂ ಇನ್ನೂ ಮೂವರೂ ಚಾಪೆಯ ನಾಲ್ಕು ಮೂಲೆ ಹಿಡಿದು ಆಗಲೇ ಅರ್ಧ ಎತ್ತಿದ್ದರು. ಅವಳನ್ನು ಕಂಡು ಹಾಗೇ ನಿಂತರು, ಬೆನ್ನು ಬಗ್ಗಿಸಿಕೊಂಡು, ಕೆಳಗೂ ಇಳಿಸದೆ ಮೇಲಕ್ಕೂ ಎತ್ತದೆ.

ಅವಳು ಮಂಡಿಯೂರಿ ತಾಯಿಯ ಕಿವಿಯ ಹತ್ತಿರ ಬಾಯಿ ತಂದಳು.

“ಅಮ್ಮ, ಅದು ನಾನಲ್ಲ. ನಾನು ಈಗ ಬಂದೆ. ಇನ್ನೊಂದ್ಸಲ ಕೇಳು.”