ಯಾರ ಕಡೆಯೂ ಅಲ್ಲದ ಮನೆ

ಚಳ್ಳಕೆರೆ ಕೋರ್ಟಿನ ರಾಜಿ ಕೋಣೆಯಲ್ಲಿ ಸಿದ್ದಕ್ಕನನ್ನು ಯಾವ ಕಡೆ ಕೂರಿಸುವುದೆಂದು ವಕೀಲರಿಗೇ ತಿಳಿಯಲಿಲ್ಲ. ವಿಚ್ಛೇದನ ಕೇಳಿದ ಸುನಿತಾ ಅವಳ ಮಗಳು, ನೋಟಿಸು ತಗೊಂಡ ದುರುಗೇಶ್ ಅವಳ ಸ್ವಂತ ತಮ್ಮ. ಹೊರಗಿನವರಿಗೆ ಯಾಕೆ, ಹೆಣ್ಣು ಕಳ್ಳುಬಳ್ಳಿಯಲ್ಲೇ ಇರಲಿ ಎಂದು ಆರು ವರ್ಷದ ಹಿಂದೆ ಮಗಳನ್ನು ತಮ್ಮನಿಗೇ ಕೊಟ್ಟು ಬೀಗಿದವಳು ಇವಳೇ. ಈಗ ಬಾಗಿಲ ಬಳಿಯ ಸ್ಟೂಲೇ ಗತಿಯಾಯಿತು.

ಗಂಡ ಹೆಂಡತಿ ಹೊಡೆದಾಡಿದವರಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು, ಅಷ್ಟೆ. ನಾಲ್ಕು ವರ್ಷದ ಮಗಳು ಕೊಂಡ್ಲಹಳ್ಳಿಯ ಸಿದ್ದಕ್ಕನ ಮನೆಯಲ್ಲಿ ತಾಯಿಯ ಹತ್ತಿರವೇ ಇರಲೆಂದು ದುರುಗೇಶ್ ಒಪ್ಪಿದ್ದ. ಆದರೆ ಸುನಿತಾ ತವರಿಗೆ ಬಂದ ದಿನದಿಂದ, ಎಂಟು ತಿಂಗಳು, ಅವನು ಅಕ್ಕನ ಜೊತೆ ಮಾತೇ ಬಿಟ್ಟಿದ್ದ. ಅವ್ವ ಸತ್ತಾಗ ಎರಡು ವರ್ಷದವನಾಗಿದ್ದ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಸಿದ್ದಕ್ಕ. ಇವತ್ತು ಸಹಿ ಬಿದ್ದರೆ ತಮ್ಮನೂ ಕೈಬಿಟ್ಟ ಹಾಗೆ ಎಂದುಕೊಂಡೇ ಅವಳು ಬಂದಿದ್ದಳು.

"ತಿಂಗಳಿಗೆ ಎರಡು ಭಾನುವಾರ ತಂದೆ ಮಗುವನ್ನ ನೋಡಬಹುದು," ಎಂದರು ರಾಜಿ ಮಾಡಿಸುತ್ತಿದ್ದ ವಕೀಲೆ. "ಎಲ್ಲಿ? ಯಾರ ಕಡೆಯೂ ಅಲ್ಲದ ಜಾಗ ಹೇಳಿ. ಪಾರ್ಕು, ದೇವಸ್ಥಾನ, ಯಾವುದಾದರೂ ಸರಿ."

"ನಮ್ಮವ್ವನ ಮನೇಲೇ ನೋಡ್ಲಿ," ಎಂದಳು ಸುನಿತಾ.

ವಕೀಲೆ ತಲೆಯಾಡಿಸಿದರು. "ಅದು ನಿನ್ನ ತವರಲ್ಲವೇನಮ್ಮ? ಇವರು ಹೇಗೆ ಒಪ್ಪುತ್ತಾರೆ?"

ದುರುಗೇಶ್ ಮುಖ ಎತ್ತಿದ. "ಅದು ನಮ್ಮಕ್ಕನ ಮನೆ ರೀ. ನಾನ್ಯಾಕೆ ಒಪ್ಪಲ್ಲ?"

ವಕೀಲೆ ಪೆನ್ನು ಕೆಳಗಿಟ್ಟು ನಕ್ಕೇಬಿಟ್ಟರು. ಸಿದ್ದಕ್ಕನಿಗೆ ಮಾತ್ರ ಅಳು ಉಕ್ಕಿ ಬಂತು. ಕೋರ್ಟು ಗೀರ್ಟು ಮರೆತು ತಮ್ಮನ ಬೆನ್ನಿಗೊಂದು ಗುದ್ದಿದಳು. "ಲೇ, ಹಂಗಾದ್ರೆ ಇಷ್ಟ್ ದಿನ ಯಾಕೋ ಬಾಯಿಗೆ ಬೀಗ ಹಾಕ್ಕೊಂಡಿದ್ದೆ?"

"ನಾಚ್ಕೆ ಆಗಿತ್ತಕ್ಕ. ನೀನು ನಂಬಿ ಕೊಟ್ಟ ಮಗಳನ್ನ ಸುಖವಾಗಿ ಇಟ್ಕೊಳ್ಳಾಕೆ ಆಗ್ಲಿಲ್ಲ. ಯಾವ ಮುಖ ಹೊತ್ಕೊಂಡು ಬರ್ಲಿ?"

ಸಹಿಗಳಾದವು. ಇನ್ನು ಜಡ್ಜರ ಮುಂದೆ ಒಂದು ದಿನ ನಿಂತರೆ ಎಲ್ಲ ಮುಗಿಯಿತು. ಮೂವರೂ ಬಸ್ ನಿಲ್ದಾಣಕ್ಕೆ ನಡೆದರು. ದುರುಗೇಶ್ ಕುದಾಪುರದಲ್ಲಿ ವಾಚ್‌ಮನ್, ಮಧ್ಯಾಹ್ನ ಡ್ಯೂಟಿಗೆ ಹೋಗಬೇಕಿತ್ತು.

"ಮಾವ, ನಿನ್ ಬಸ್ಸು ಹೊಂಟೈತೆ ನೋಡು, ಓಡು!" ಎಂದು ಸುನಿತಾ ಕೂಗಿದಳು.

ಚಿಕ್ಕಂದಿನಿಂದ ಅವನನ್ನು ಹಾಗೇ ಕರೆದವಳು, ಕೊರಳಿಗೆ ಅವನ ತಾಳಿ ಬಿದ್ದ ದಿನ ನಿಲ್ಲಿಸಿದ್ದಳು. ಆರು ವರ್ಷ ಅವಳ ಬಾಯಲ್ಲಿ ಆ ಮಾತು ಬಂದಿರಲಿಲ್ಲ. ದುರುಗೇಶ್ ಓಡಲಿಲ್ಲ. ತಿರುಗಿ ಅವಳ ಮುಖ ನೋಡುತ್ತ, ನಗುತ್ತ ನಿಂತುಬಿಟ್ಟ.

ಬಸ್ಸು ಹೋಯಿತು. ಸಿದ್ದಕ್ಕ ಬೈಯಲೂ ಇಲ್ಲ.