ಆರು ಮನೆಯ ನೀರು

"ಅವ್ವಾ, ಮೊದಲ ಅವರು ತಗೀಲಿ, ಆಮ್ಯಾಲ ನಾವು ತಗದ್ರಾತು," ಎಂದು ಜಯಂತ್ ಮೆಟ್ಟಿಲ ಮೇಲಿಂದಲೇ ಕೂಗಿದ. ರಾಧಾಬಾಯಿ ಪಾನಾ ತಿರುಗಿಸುತ್ತಲೇ ಇದ್ದರು. ತಮ್ಮ ಮನೆಯ ನೀರಿನ ಮೋಟರಿನ ಕೊನೆಯ ನಟ್ಟು ಸಡಿಲಾಯಿತು.

"ಹಂಗ ಆರೂ ಮಂದಿ ಕಾಯ್ಕೋತ ಕುಂತೀರಿ. ಹಿಡಿ ಇದನ್ನ, ಭಾರ ಅದ."

ಬ್ಯಾಂಕು ಜಯಂತನನ್ನು ಸಂಭಾಜಿನಗರಕ್ಕೆ ವರ್ಗ ಮಾಡಿದ ಮೇಲೆ ರಾಧಾಬಾಯಿ ಆರು ತಿಂಗಳು ನಾಶಿಕ್‌ನ ಹಿರಿಮಗನ ಮನೆಯಲ್ಲಿ, ಆರು ತಿಂಗಳು ಇಲ್ಲಿ ಇರುತ್ತಿದ್ದರು. ಆ ಕಟ್ಟಡದ ಆರು ಮನೆಗಳಲ್ಲಿ ನಲವತ್ತು ದಾಟಿದವರು ಅವರೊಬ್ಬರೇ. ಉಳಿದವರೆಲ್ಲ ಬಾಡಿಗೆಗೆ ಬಂದ ಎಳೆಯ ಸಂಸಾರಗಳು. ಎಂಟು ಗಂಟೆಗೆಲ್ಲ ವಾಳೂಜ್‌ನ ಕಾರ್ಖಾನೆಗಳಿಗೆ ಹೊರಟುಬಿಡುತ್ತಿದ್ದರು. ವಾರಕ್ಕೊಮ್ಮೆ ನಡುಹಗಲಲ್ಲಿ ನಲ್ಲಿ ನೀರು ಬಂದಾಗ ಟಾಕಿಯ ವಾಲ್ವ್ ತೆರೆಯಲು ವರ್ಷವಿಡೀ ಮನೆಯಲ್ಲಿರುವವರು ಯಾರೂ ಇರಲಿಲ್ಲ. ಹಾಗಾಗಿ ಒಬ್ಬೊಬ್ಬರೂ ಪೈಪಿಗೆ ತಮ್ಮದೇ ಮೋಟರು ಕೂಡಿಸಿ ಟೈಮರ್ ಹಾಕಿದ್ದರು. ಕೆಳಗಿನ ಮನೆಗಳು ನೀರನ್ನೆಲ್ಲ ಎಳೆದುಕೊಳ್ಳುತ್ತಿದ್ದವು. ಎಲ್ಲರಿಗೂ ಸೇರಿದ ಟಾಕಿ ಒಣಗಿರುತ್ತಿತ್ತು. ಮೂರನೆಯ ಮಹಡಿಯ ಬಾಣಂತಿ ಮಧುರಾ ಟ್ಯಾಂಕರಿನ ನೀರು ಹೊತ್ತು ತರುವಾಗ ನಿನ್ನೆ ಮೆಟ್ಟಿಲ ಮೇಲೆ ಜಾರಿ ಬಿದ್ದಿದ್ದಳು. ಅವಳ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಿದವರು ರಾಧಾಬಾಯಿಯೇ.

ಸಂಜೆ ಅವರು ಬಾಗಿಲು ಬಾಗಿಲಿಗೆ ಹೋದರು. "ಮೋಟರ್ ತಗೀರಿ. ವಾಲ್ವ್ ನಾ ತಗೀತೀನಿ, ನಾನs ಮುಚ್ಚತೀನಿ." ನಾಲ್ಕು ಮನೆಯವರು ಒಪ್ಪಿದರು. ಕೆಳಗಿನ ಮನೆಯ ಉತ್ಕರ್ಷ ಒಪ್ಪಲಿಲ್ಲ. ಅವನ ತಾಯಿತಂದೆ ಕಲಬುರಗಿಯವರು, ಅವನು ಹುಟ್ಟಿ ಬೆಳೆದದ್ದು ಇಲ್ಲೇ.

"ಎರಡು ತಿಂಗಳಾದ ಮ್ಯಾಲ ನೀವು ನಾಶಿಕ್‌ಗೆ ಹೋಗ್ತೀರಿ ಆಜೀ. ನಂತರ ಕಾಯ್? ವಾಲ್ವ್ ಯಾರು ತಗೀತಾರ?"

"ನೀ ಎಷ್ಟ ವರ್ಷ ಇರಾಂವ ಇಲ್ಲಿ?"

"ಬಿಡಕಿನ್‌ದಾಗ ನೌಕರಿ ಸಿಕ್ರ ನಾಳೇನೇ ಹೋಗ್ತೀನಿ."

"ಮತ್ತ? ನಾವೆಲ್ಲಾರೂ ಹೊಂಟವರs. ಇರೂತನಕಾ ನೀರು ಬೇಕಲ್ಲೋ."

ಅವನು ನಕ್ಕು ಬಾಗಿಲು ಮುಂದೆ ಮಾಡಿದ.

ಬುಧವಾರ ನೀರು ಬಂತು. ಉತ್ಕರ್ಷನ ಮೋಟರು ಗುರುಗುಟ್ಟುತ್ತಲೇ ಇತ್ತು. ಟಾಕಿ ಅರ್ಧವಷ್ಟೇ ತುಂಬಿತು. ರಾಧಾಬಾಯಿ ಜಗಳಕ್ಕೆ ಹೋಗಲಿಲ್ಲ. ಅವನಿಗೆ ಫೋನು ಮಾಡಿ, "ನಿನ್ನ ಡ್ರಮ್ಮು ತುಂಬಿ ನೀರು ಅಂಗಳಕ್ಕ ಹರೀಲಿಕತ್ತಿತ್ತು. ನಿಮ್ಮ ಮನಿ ಕೀಲಿ ನನ್ನ ಕಡೆ ಇರಲಿಲ್ಲ, ಹೊರಗಿನ ಸ್ವಿಚ್ಚು ಆರಿಸೀನಿ. ನೀ ಏನೂ ಕಾಳಜಿ ಮಾಡಬ್ಯಾಡ," ಎಂದರು.

ಭಾನುವಾರ ಬೆಳಿಗ್ಗೆ ಅವನು ತಾನಾಗಿಯೇ ಮೋಟರು ಬಿಚ್ಚಲು ಪಾನಾ ಕೇಳಿಕೊಂಡು ಬಂದ.

ಮುಂದಿನ ಬುಧವಾರ ರಾಧಾಬಾಯಿ ಕೆಳಗಿಳಿದಾಗ ಮಧುರಾ ಮಗುವನ್ನೆತ್ತಿಕೊಂಡು ಆಗಲೇ ಗೇಟಿನ ಬಳಿ ನಿಂತಿದ್ದಳು. "ನನಗೂ ಕಲಿಸ್ರಿ. ಎಡಕ್ಕೋ, ಬಲಕ್ಕೋ?"

"ಎಡಕ್ಕ," ಎಂದು ರಾಧಾಬಾಯಿ ಕೈ ಚಾಚಿ ಮಗುವನ್ನು ಇಸಿದುಕೊಂಡರು. ಮಧುರಾ ಕುಕ್ಕರಗಾಲಲ್ಲಿ ಕುಳಿತು, ಎರಡೂ ಕೈಯಿಂದ ವಾಲ್ವಿನ ಚಕ್ರ ಹಿಡಿದು ಬಲವಾಗಿ ತಿರುಗಿಸಿದಳು. ಮಗು ಮುದುಕಿಯ ಕೊರಳ ದಾರವನ್ನು ಮುಷ್ಟಿಯಲ್ಲಿ ಹಿಡಿದು ಹಾಗೆಯೇ ನಿದ್ದೆಹೋಯಿತು.