ಮಕ್ಕಳು ನೋಡುವ ಕಡೆ

"ಟೀಚರ್, ನೀವ್ ಕುಣುದ್ ಒಂದ್ ವಿಡಿಯೋ ಆದ್ರೂ ಇತ್ತಾ?"

ಕಂಪ್ಯೂಟರಿನ ಮುಂದೆ ಕೂತಿದ್ದ ಅಂಗಡಿಯ ಹುಡುಗಿ ನಿಖಿತಾ ಮತ್ತೆ ಕೇಳಿದಾಗ ವಿಜೇತಾ ಮೊಬೈಲಿನ ಮೇಲೆ ಮತ್ತೆ ಬೆರಳಾಡಿಸಿದಳು. ವಿಡಿಯೋಗಳಿಗೆ ಬರವಿರಲಿಲ್ಲ. ಗಿಳಿಯಾದ ಮಕ್ಕಳು, ಮೀನುಗಾರರಾದ ಮಕ್ಕಳು, ಮೀಸೆ ಅರ್ಧ ಕಳಚಿದ ಸೈನಿಕರು. ಅವರಿಗೆಲ್ಲ ಕುಣಿತ ಕಲಿಸಿದವಳು ಮಾತ್ರ ಒಂದರಲ್ಲೂ ಇರಲಿಲ್ಲ.

ತೆಕ್ಕಟ್ಟೆಯಿಂದ ಕುಂದಾಪುರದ ಈ ಕಂಪ್ಯೂಟರ್ ಅಂಗಡಿಗೆ ಅವಳು ಬಂದದ್ದು ಬಯೋಡೇಟಾ ಮಾಡಿಸಲು. ಬೈಂದೂರಿನ ಕಡೆಯ ಒಂದು ವಸತಿ ಶಾಲೆಗೆ ಡ್ಯಾನ್ಸ್ ಟೀಚರ್ ಬೇಕಾಗಿದ್ದರು. ಬಯೋಡೇಟಾ, ಕವರಿಂಗ್ ಲೆಟರ್, ಜೊತೆಗೆ ನೃತ್ಯದ ವಿಡಿಯೋ. ಸಂಜೆಯೊಳಗೆ ಮೇಲ್ ಮಾಡಬೇಕು. ಸ್ಕೂಲ್ ಡೇ ಸೀಸನ್ ಶುರುವಾದರೆ ಬ್ರಹ್ಮಾವರದಿಂದ ಈಚೆಗಿನ ಶಾಲೆಗಳಿಗೆಲ್ಲ ವಿಜೇತಾ ಟೀಚರೇ ಆಗಬೇಕು. ಸೀಸನ್ ಮುಗಿದರೆ ಯಾರಿಗೂ ಬೇಡ. ಜನವರಿ ಕಳೆದ ಮೇಲೆ ಮನೆಯಲ್ಲಿ ಕೂತು ಊರವರ ಬ್ಲೌಸ್ ಹೊಲಿಯುವುದು. ವರ್ಷವಿಡೀ ಕುಣಿತ ಕಲಿಸುವ ಕೆಲಸವೂ ಲೋಕದಲ್ಲಿದೆ ಎಂದು ಕೇಳಿದಂದಿನಿಂದ ಅವಳಿಗೆ ಹೊಲಿಗೆಯಲ್ಲಿ ಮನಸ್ಸು ನಿಲ್ಲುತ್ತಿಲ್ಲ.

"ಸ್ಟೇಜ್ ಹತ್ತಿದ್ ಕೂಡ್ಲೆ ಮಕ್ಳಿಗೆ ಎಲ್ಲ ಮರ್ತ್ ಹೋತ್ ಕಾಣ್," ಎಂದಳು ವಿಜೇತಾ. "ಅದ್ಕೆ ನಾನ್ ಸೈಡ್ ವಿಂಗಲ್ಲ್, ಪರ್ದೆ ಮರೆಯಲ್ಲ್ ನಿಂತ್ ಕುಣುದ್. ಅವ್ ನನ್ ಕಂಡ್ಕಂಡ್ ಕುಣುದ್. ಜನ್ರಿಗೆ ಕಾಂಬುಕಾಗ ಅಂದೇಳಿ ಕಪ್ಪ್ ಚೂಡಿದಾರ್ ಹಾಕ್ಕಂತೆ."

"ಹಂಗಾರೆ ಈಗ್ಲೇ ಕುಣಿನಿ. ನಾನ್ ಮೊಬೈಲಲ್ಲ್ ತೆಗಿತೆ."

ಅಂಗಡಿಯ ಹಿಂದಿನ ಕೋಣೆಯಲ್ಲಿ, ಜೆರಾಕ್ಸ್ ಹಾಳೆಯ ಬಂಡಲುಗಳ ನಡುವೆ ಸ್ವಲ್ಪ ಜಾಗ ಮಾಡಿಕೊಂಡರು. ವಿಜೇತಾ ಸೆರಗು ಸಿಕ್ಕಿಸಿಕೊಂಡು ಸ್ವಾಗತ ನೃತ್ಯ ಕುಣಿದಳು. ಕುಣಿತ ಚೆನ್ನಾಗಿಯೇ ಇತ್ತು. ಹಾಕಿ ನೋಡುವಾಗ ನಿಖಿತಾಳಿಗೆ ನಗು ತಡೆಯಲಾಗಲಿಲ್ಲ.

"ಟೀಚರ್, ದೇವ್ರಿಗೆ ಎಡ್ಗೈಯಲ್ಲ್ ಆರತಿ ಎತ್ತಿದ್ರಿ!"

ವಿಜೇತಾ ಹೌಹಾರಿ ನೋಡಿದಳು. ಹೂವು ಹಾಕಿದ್ದೂ ಎಡಗೈಯಲ್ಲೇ, ಆಶೀರ್ವಾದ ಮಾಡಿದ್ದೂ ಎಡಗೈಯಲ್ಲೇ. ಅವಳ ತಪ್ಪಲ್ಲ ಅದು. ಕಲಿಸುವಾಗ ಮಕ್ಕಳಿಗೆ ಎದುರಾಗಿ ನಿಲ್ಲಬೇಕು. ಅವರು ಬಲಗೈ ಎತ್ತಬೇಕಾದರೆ ಕಲಿಸುವವಳು ಎಡಗೈ ಎತ್ತಬೇಕು. ಹಾಗೆ ಕುಣಿದೂ ಕುಣಿದೂ ಅವಳ ಮೈಗೆ ಎಡವೇ ಬಲವಾಗಿತ್ತು. ಸರಿಪಡಿಸಿಕೊಂಡು ಮತ್ತೆ ಕುಣಿಯಹೋದಳು. ಕಾಲಿಗೆ ಕಾಲು ತೊಡರಿ ಬಂಡಲಿಗೆ ಒರಗಿಬಿಟ್ಟಳು.

"ಎದ್ರಿಗೆ ಮಕ್ಳ್ ಇಲ್ದಿರೆ ನಂಗೆ ಕುಣುಕೇ ಬತ್ತಿಲ್ಲ. ಬಿಡ್ ಮಾರಾಯ್ತಿ, ಇದ್ ನಂಗಲ್ಲ," ಎಂದು ವ್ಯಾನಿಟಿ ಬ್ಯಾಗ್ ತೆಗೆದುಕೊಂಡಳು. ನಗುವ ಪ್ರಯತ್ನ ಮಾಡಿದರೂ ಕಣ್ಣು ತುಂಬಿತ್ತು.

"ಕೂಕಣಿ ಟೀಚರ್, ಒಂದ್ ಗಳ್ಗಿ," ಎಂದು ನಿಖಿತಾ ಅವಳ ಮೊಬೈಲನ್ನೇ ಕಸಿದುಕೊಂಡಳು. ಒಂದೊಂದೇ ವಿಡಿಯೋ ಹಾಕುತ್ತಾ ಹೋದಳು. ಒಂದು ಶುರುವಾಗುತ್ತಿದ್ದಂತೆ ವಿಜೇತಾ ಕೈ ಅಡ್ಡ ತಂದಳು.

"ಅದ್ ಬ್ಯಾಡ. ಅದ್ ನನ್ ಮರ್ಯಾದಿ ಹೋದ್ ದಿನ."

ನಿಖಿತಾ ನಿಲ್ಲಿಸಲಿಲ್ಲ. ವಿಡಿಯೋದಲ್ಲಿ ರಟ್ಟಿನ ಹುಟ್ಟು ಹಿಡಿದ ಪುಟ್ಟ ಮೀನುಗಾರರು ದೋಣಿ ಸಾಗಿಸುತ್ತಿದ್ದರು. ನಡುವೆ ಹಾಡು ಪಕ್ಕನೆ ನಿಂತುಹೋಯಿತು. ಸಭೆಯಲ್ಲಿ ಗದ್ದಲವೆದ್ದಿತು. "ಹ್ವಾಯ್ ಮೈಕಿನವ್ರೇ, ಎಂತ ಆಯ್ತ್?" ಎಂದು ಯಾರೋ ಕೂಗಿದರು. ಮುಂದಿನ ಸಾಲಿನ ಹುಡುಗಿ ಅಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವಳ ತಲೆ ಬಲಗಡೆಗೆ ತಿರುಗಿತು, ಪಕ್ಕದವನದ್ದೂ ತಿರುಗಿತು, ನೋಡುತ್ತಿದ್ದಂತೆ ಇಡೀ ಸಾಲು ಪಕ್ಕದ ಪರದೆಯ ಕಡೆ ನೋಡುತ್ತಿತ್ತು. ಹುಟ್ಟುಗಳೆಲ್ಲ ಒಟ್ಟಿಗೇ ನೀರಿಗಿಳಿದವು. ಹಾಡಿಲ್ಲ, ಹಲಗೆಯ ಮೇಲೆ ಎಳೆಯ ಪಾದಗಳ ಸದ್ದು ಮಾತ್ರ. ಗದ್ದಲ ಮಾಡುತ್ತಿದ್ದವರೂ ಸುಮ್ಮನಾದರು. ಒಬ್ಬ ತಪ್ಪು ಬದಿಗೆ ತಿರುಗಿ, ಕಂಡು, ಮತ್ತೆ ಸರಿಯಾದ. ದೋಣಿ ದಡ ಸೇರಿತು. ಮಕ್ಕಳು ಕೈಮುಗಿದರು.

ಒಂದನೇ ಕ್ಲಾಸಿನಲ್ಲಿ ನಿಖಿತಾಳೂ ಗಿಳಿಯಾಗಿದ್ದಳು. ಜನರ ನಡುವೆ ಅಪ್ಪನನ್ನು ಕಂಡು ಎಲ್ಲ ಮರೆತು ನಿಂತಿದ್ದಳು. ಪಕ್ಕಕ್ಕೆ ತಿರುಗಿದರೆ, ಕತ್ತಲಲ್ಲಿ ಇದೇ ಟೀಚರ್ ನಗುತ್ತಾ ರೆಕ್ಕೆ ಬಡಿಯುತ್ತಿದ್ದರು. ಆ ಧೈರ್ಯದಲ್ಲೇ ಅವಳು ಹಾರಿದ್ದು. ಎಂಥ ಹೆಂಗಸಪ್ಪಾ ಇವರು ಎಂದು ಅವಳಿಗೆ ಈಗ ಅನಿಸಿತು.

"ಇದನ್ನೇ ಕಳ್ಸುವ," ಎಂದಳು.

"ನಿಂಗೆ ಮರುಳಾ? ಇದ್ರಲ್ಲ್ ನಾನೇ ಇಲ್ಲೆ!"

"ಹೌದಾ? ಹಂಗಾರೆ ಮಕ್ಳ್ ಯಾರನ್ನ್ ಕಾಂಬುದ್?"

ವಿಜೇತಾ ವಿಡಿಯೋವನ್ನು ಮತ್ತೊಮ್ಮೆ ನೋಡಿದಳು. ಅಂದು ಅವಳು ಹಾಡು ನಿಂತದ್ದನ್ನಷ್ಟೇ ನೋಡಿದ್ದಳು. ಮಕ್ಕಳ ಮುಖವನ್ನು ಸರಿಯಾಗಿ ನೋಡಿದ್ದು ಇವತ್ತೇ. ಬ್ಯಾಗ್ ಕೆಳಗಿಟ್ಟಳು.

ಕವರಿಂಗ್ ಲೆಟರಿಗೆ ನಿಖಿತಾ ಇಂಟರ್ನೆಟ್ಟಿನಿಂದ ತೆಗೆದಿಟ್ಟಿದ್ದ ದೊಡ್ಡ ದೊಡ್ಡ ಮಾತುಗಳನ್ನೆಲ್ಲ ವಿಜೇತಾ ಅಳಿಸಿ ಹಾಕಿಸಿದಳು. ಅವಳು ಹೇಳಿದ್ದನ್ನು ನಿಖಿತಾ ಪುಸ್ತಕದ ಕನ್ನಡಕ್ಕೆ ತಿರುಗಿಸಿ ಟೈಪ್ ಮಾಡಿದಳು: 'ಈ ವಿಡಿಯೋದಲ್ಲಿ ನಾನು ಕಾಣಿಸುವುದಿಲ್ಲ. ಮಕ್ಕಳು ನೋಡುತ್ತಿರುವ ಕಡೆ ಇದ್ದೇನೆ.'

ಮುಂದಿನ ವಾರ ಶಾಲೆಯಿಂದ ಕರೆ ಬಂತು. ಕುಣಿಯಲು ಹೇಳುತ್ತಾರೆಂದು ವಿಜೇತಾ ಬಸ್ಸಿನಲ್ಲಿ ಕೂತು, ಬಲಗೈ ಬಲಗೈ ಎಂದು ತನಗೇ ಹೇಳಿಕೊಳ್ಳುತ್ತಾ ಹೋದಳು. ಪ್ರಿನ್ಸಿಪಾಲ್ ಮೇಡಂ ಕುಣಿಯಲು ಹೇಳಲಿಲ್ಲ. ಸಭಾಂಗಣಕ್ಕೆ ಕರೆದುಕೊಂಡು ಹೋಗಿ, ಎರಡನೇ ಕ್ಲಾಸಿನ ಮಕ್ಕಳನ್ನು ಕರೆಸಿದರು. ತಾವು ಹಿಂದೆ ಒಂದು ಕುರ್ಚಿಯಲ್ಲಿ ಕೂತರು.

ಮಕ್ಕಳು ಸೊಟ್ಟಪಟ್ಟ ಸಾಲಾಗಿ ನಿಂತು ಹೊಸಬಳನ್ನು ನೋಡಿದವು.

"ಎಂತ ಮಾಡ್ಕ್ ಟೀಚರ್?" ಎಂದಿತು ಒಂದು.

"ನನ್ ಕಾಣಿ ಮಕ್ಳೇ. ಅಷ್ಟೇ ಸಾಕ್."

ವಿಜೇತಾ ಎಡಗೈ ಎತ್ತಿದಳು. ಎದುರಿಗೆ ಅಷ್ಟೂ ಮಕ್ಕಳ ಬಲಗೈ ಮೇಲಕ್ಕೆ ಹೋಯಿತು.